ಮನೆ ನೆನಪಿನ ಕಾಯಿಲೆ

ಕೊಯಮತ್ತೂರಿನ ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು ಏನು ಕಂಡರೂ ಕನ್ನಡಕವನ್ನು ಹಣೆಗೇರಿಸಿ, "ಇದು ಯಾವ ಗುಂಪು, ಕಣ್ಣು?" ಎಂದು ಆ ಊರಿನ ಮುದ್ದಿನ ಕರೆಯಲ್ಲಿ ಕೇಳುತ್ತಿದ್ದರು. ಕ್ಯಾಂಟೀನಿನ ಬೋಂಡಾಕ್ಕೂ ಬಿಡುಗಡೆ ಇರಲಿಲ್ಲ. ಅವರ ದನಿಯನ್ನು ಅಣಕಿಸಿ ತೋರಿಸಿದರೆ ಗೆಳೆಯರು ನನಗೆ ಟೀ ಕೊಡಿಸುತ್ತಿದ್ದರು. ನನ್ನ ಸ್ವಂತ ದನಿಗೆ ನೀರೂ ಸಿಗುತ್ತಿರಲಿಲ್ಲ.

ಯುರೋಪಿನ ಹಳೆಯ ವೈದ್ಯರು ಗಿಡಗಳನ್ನು ವಿಂಗಡಿಸಿದಂತೆಯೇ ಕಾಯಿಲೆಗಳನ್ನೂ ವರ್ಗ, ಕುಲ, ಜಾತಿ ಎಂದು ವಿಂಗಡಿಸಿದ್ದರಂತೆ. ಅದು ಮೇಷ್ಟ್ರ ಮೆಚ್ಚಿನ ಪಾಠ.

ಆ ವರ್ಷ ಚಾಮರಾಜನಗರದಿಂದ ಬಂದಿದ್ದ ಸಹಪಾಠಿಯೊಬ್ಬಳು ಹಾಸ್ಟೆಲಿನಲ್ಲಿ ಊಟ ಬಿಟ್ಟು ಅಳತೊಡಗಿದಳು. ಊರಿಗೆ ಕಳಿಸದಿದ್ದರೆ ಓದನ್ನೇ ಬಿಡುತ್ತೇನೆಂದಳು. ಕಾಯಿಲೆಯಾದರಷ್ಟೇ ರಜೆ ಎಂದರು ವಾರ್ಡನ್. ಮೇಷ್ಟ್ರು ಅವಳನ್ನು ಕರೆದುಕೊಂಡು ಅವರ ಬಳಿಗೆ ಹೊರಟರು. ತಮಾಷೆ ನೋಡಲು ನಾನೂ ಹಿಂದೆಯೇ ಹೋದೆ. ವಾರ್ಡನ್ ಅವರದೂ ನಮ್ಮಂತೆ ಕನ್ನಡದ ಮನೆಯೇ.

"ಇದು ಕಾಯಿಲೆ ತಾನ್ ಅಮ್ಮಾ. ಹಳೇ ಪುಸ್ತಕದಲ್ಲಿ ಮನೆ ನೆನಪೂ ಒಂದು ಕಾಯಿಲೆ. ಅತಿ ಹಸಿವು, ಅತಿ ದಾಹದ ಪಕ್ಕದಲ್ಲೇ ಇಟ್ಟಿದಾರೆ" ಎಂದರು ಮೇಷ್ಟ್ರು, ವಾರ್ಡನ್ ಕಡೆ ತಿರುಗಿ.

"ಮರುಂದು ಏನು ಸಾರ್?" ಎಂದು ವಾರ್ಡನ್ ಮದ್ದು ಕೇಳಿದರು.

"ಊರಿಗೆ ಕಳಿಸೋದೇ."

ನಾನು ತಕ್ಷಣ ಮುಖ ಬಾಡಿಸಿಕೊಂಡು, "ನಂಗೂ ಅದೇ ಸಾರ್" ಎಂದೆ.

"ನಿನ್ ಮನೆ ಎದುರು ರೋಡಲ್ಲೇ ಇದೆ. ನಿಂದು ಬೇರೆ ಗುಂಪು."

ವಾರ್ಡನ್ ನಗುತ್ತಲೇ ರಜೆ ಕೊಟ್ಟರು. ಸೋಮವಾರ ಹುಡುಗಿ ಚೀಲದ ತುಂಬ ಚಕ್ಕುಲಿಯೊಂದಿಗೆ ಮರಳಿದಳು.

"ಗುಣ ಆಯ್ತಲ್ಲ ಸಾರ್?" ಎಂದರು ವಾರ್ಡನ್, ಚಕ್ಕುಲಿ ಮುರಿಯುತ್ತ.

ಮೇಷ್ಟ್ರು ಗಂಭೀರವಾಗಿ ತಲೆಯಾಡಿಸಿದರು. "ಎಲ್ಲಿ ಆಯ್ತು? ಇದು ಬಿಟ್ಟು ಬಿಟ್ಟು ಬರೋ ಜಾತಿ ಅಮ್ಮಾ. ಮಾಸಕ್ಕೊಂದ್ಸಲ ಕಳಿಸ್ತಾ ಇರಿ."