ತೆಗೀರಿ ಅಂದರೆ

ಭೀಮರಾಜನಿಗೆ ಹುಟ್ಟಿನಿಂದ ಕಣ್ಣು ಕಾಣುತ್ತಿರಲಿಲ್ಲ. ಬಳ್ಳಾರಿಯ ಕಾಲೇಜಿನಲ್ಲಿ ಮೂರು ವರ್ಷ ಅವನಿಗೆ ಪಾಠ ಓದಿ ಹೇಳಿದವಳು ಪಂಪಾವತಿ. ಇಬ್ಬರೂ ಕುರುಗೋಡಿನವರು, ಒಂದೇ ಬಸ್ಸಿಗೆ ಬರುತ್ತಿದ್ದರು. ಕಿಟಕಿಯಾಚೆ ಕಂಡದ್ದನ್ನೂ ಅವಳೇ ಹೇಳಬೇಕು.

ಮೊದಮೊದಲು "ಹೊಲ ಭಾಳ ಚೆಂದ ಐತಿ" ಅಂದರೆ ಅವನು ನಗುತ್ತಿದ್ದ.

"ಚೆಂದ ಐತಿ ಅಂದ್ರ ನನಗೇನ್ ತಿಳೀತೈತಿ? ಏನೈತಿ ಅದನ್ನ ಹೇಳು."

ಬರಬರುತ್ತ ಅವಳು ಕಲಿತಳು. "ಆರು ಮಂದಿ ಮೆಣಸಿನಕಾಯಿ ಬಿಡಸಾಕತ್ಯಾರ, ಒಬ್ಬಾಕಿ ಕೂತು ನೀರು ಕುಡಿಯಾಕತ್ಯಾಳ." ಬಸ್ಸಿಳಿಯುವಾಗ "ಹುಷಾರು" ಅನ್ನುವುದನ್ನು ಬಿಟ್ಟು "ಕೆಳಗ ನೀರು ನಿಂತೈತಿ, ಬಲಗಾಲು ದೂರ ಇಡು" ಅನ್ನತೊಡಗಿದಳು.

ಡಿಗ್ರಿ ಮುಗಿದ ಮೇಲೆ ಅವನಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ ಬೀದರಿಗೆ ಹೋದ. ಎರಡು ವರ್ಷಕ್ಕೆ ಅವನ ಮದುವೆಯ ಕಾರ್ಡು ಬಂತು. ಪಂಪಾವತಿ ಹೋಗಲಿಲ್ಲ. ನೀನೂ ಮದುವೆಯಾಗು ಎಂದು ಅವಳ ಮನೆಯವರು ಹೇಳಿ ಹೇಳಿ ಸಾಕಾಗಿ ಬಿಟ್ಟುಬಿಟ್ಟರು.

ಈಗ ಅವಳಿಗೆ ಮೂವತ್ತೆರಡು. ಕೌಲ್ ಬಜಾರಿನಲ್ಲಿ ಒಂದು ಅಂಗಡಿಯ ಮಹಡಿ ಮೇಲೆ ಗವಿಸಿದ್ದೇಶ್ ಎಂಬುವವನ ಸಣ್ಣ ಕಂಪನಿಯಿದೆ, ಅಲ್ಲಿ ಕೆಲಸ. ಭತ್ತ ಕೊಯ್ಯುವ ಮಷೀನು ಬಾಡಿಗೆಗೆ ಬೇಕೆಂದು ರೈತರು ಫೋನ್ ಮಾಡಿದರೆ ಅಲ್ಲಿ ಮಾತಾಡುವುದು ಮನುಷ್ಯರಲ್ಲ, ಎಐ ಏಜೆಂಟ್ ಎಂಬ ಕಂಪ್ಯೂಟರ್ ಪ್ರೋಗ್ರಾಮು. ಬುಕಿಂಗ್ ಮಾಡಲು, ನೋಡಲು, ದಿನ ಬದಲಿಸಲು, ರದ್ದು ಮಾಡಲು ಅದಕ್ಕೆ ಬೇರೆ ಬೇರೆ ಟೂಲ್, ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದು ಸಲಕರಣೆ, ಕೊಟ್ಟಿದ್ದಾರೆ. ಯಾವುದನ್ನು ಯಾವಾಗ ಬಳಸಬೇಕೆಂದು ಅದು ತಿಳಿಯುವುದು ಪ್ರತಿ ಟೂಲ್ ಜೊತೆಗಿರುವ ವಿವರಣೆಯಿಂದ. ಆ ವಿವರಣೆಗಳನ್ನು ಬರೆಯುವವಳು ಪಂಪಾವತಿ.

ಕಳೆದ ಸುಗ್ಗಿಯಲ್ಲಿ ಸಿರುಗುಪ್ಪದ ಕಡೆಯ ಎರ್ರಣ್ಣ ಎಂಬ ರೈತ ಫೋನ್ ಮಾಡಿದ. "ನನ್ನ ಬುಕ್ಕಿಂಗ್ ತೆಗೀರಿ, ಮಷೀನು ಯಾವತ್ತು ಬರತೈತಿ ನೋಡೂನು" ಅಂದ. ಏಜೆಂಟ್ ಅವನ ಬುಕಿಂಗ್ ರದ್ದು ಮಾಡಿ "ಆಯಿತು, ತೆಗೆದಿದ್ದೇನೆ" ಅಂದಿತು. ಮಷೀನು ಬೇರೆಯವರ ಹೊಲಕ್ಕೆ ಹೋಯಿತು. ಮರುದಿನ ಮಳೆ ಹೊಡೆದು ಎರ್ರಣ್ಣನ ಭತ್ತ ನೆಲಕ್ಕೆ ಮಲಗಿತು.

ತಪ್ಪು ಎಲ್ಲಾಯಿತೆಂದು ಗವಿಸಿದ್ದೇಶ್ ಹುಡುಕಿ ನೋಡಿದ. ರದ್ದು ಮಾಡುವ ಟೂಲ್‌ಗೆ ಪಂಪಾವತಿ ಬರೆದದ್ದು ಎರಡೇ ಪದ: "ಬುಕಿಂಗ್ ತೆಗೆಯಲು."

"ಬಾಗಿಲ ತೆಗಿ ಅಂದ್ರೂ ತೆಗಿ, ಕಸ ತೆಗಿ ಅಂದ್ರೂ ತೆಗಿನ ಅಲ್ಲೇನಕ್ಕಾ" ಅಂದ ಅವನು, ಬೈಯದೆ. ಬೈದಿದ್ದರೇ ಅವಳಿಗೆ ಹಗುರಾಗುತ್ತಿತ್ತು.

ಮರುದಿನ ಅವಳು ಬಸ್ಸು ಹತ್ತಿ ಎರ್ರಣ್ಣನ ಊರಿಗೇ ಹೋದಳು. ಅವನು ಬದುವಿನ ಮೇಲೆ ನಿಂತಿದ್ದ.

"ತಪ್ಪು ನಂದು ಯಜಮಾನ್ರ. ನಾನ ಸರಿ ಬರೀಲಿಲ್ಲ."

"ಮಾತಾಡಿದ್ದು ನೀನಲ್ಲಲ್ಲವ್ವ?"

"ಅದಕ್ಕ ಹೇಳಿಕೊಡಾಕಿ ನಾನು."

ಎರ್ರಣ್ಣ ಬಗ್ಗಿ, ನೆಲಕ್ಕೆ ಮಲಗಿದ ಒಂದು ತೆನೆ ಎತ್ತಿದ. "ಒಂದು ಮಾತು ಕೇಳಬೇಕಿತ್ತವ್ವ ಅದು. ಕೇಳಿದ್ರ ನಾ ಹೇಳತಿದ್ನಿ."

ಆ ಸಂಜೆಯೇ ಗವಿಸಿದ್ದೇಶ್ ಬೇರೊಂದು ಮಷೀನು ಕಳಿಸಿದ. ಅರ್ಧಕ್ಕಿಂತ ಹೆಚ್ಚು ಬೆಳೆ ಕೈಗೆ ಬಂತು, ಪೂರ್ತಿ ಬರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು. ಕಾಲೇಜಿನ ಕೊನೆಯ ದಿನ ಭೀಮರಾಜ ಕೇಳಿದ್ದು ನೆನಪಾಯಿತು. "ಲೋಕನೆಲ್ಲಾ ಹೇಳಿದಿ. ನೀ ಹೆಂಗದಿ, ನಿನ್ನ ಮನಸಿನ್ಯಾಗ ಏನೈತಿ, ಒಂದಿನಾನೂ ಹೇಳಲಿಲ್ಲ." ಅವಳು "ನಾನಾ? ಎಲ್ಲಾರ ಹಂಗ" ಅಂದುಬಿಟ್ಟಿದ್ದಳು. ಅವನು ಮತ್ತೆ ಕೇಳಲಿಲ್ಲ.

ಆಫೀಸಿಗೆ ಬಂದು ಹೊಸದಾಗಿ ಬರೆದಳು. ಬರೆದು ಮುಗಿಸಿ, ಎಷ್ಟೋ ವರ್ಷದ ಮೇಲೆ ಬೀದರಿಗೆ ಫೋನ್ ಮಾಡಿದಳು.

"ಪಂಪಾ!" ಒಂದೇ ಮಾತಿಗೆ ಗುರುತು ಹಿಡಿದ.

"ಭತ್ತ ಕೊಯ್ಯೋ ಮಷೀನಿನ ಬುಕಿಂಗಿಂದು ಒಂದು ಬರದೀನಿ, ಓದ್ತೀನಿ. ತಿಳೀತೈತೇನ್ ಹೇಳು." ಓದಿದಳು: "ಇದು ಬುಕಿಂಗನ್ನು ಪೂರ್ತಿ ರದ್ದು ಮಾಡುತ್ತದೆ. ರದ್ದಾದ ಬುಕಿಂಗ್ ವಾಪಸ್ ಬರುವುದಿಲ್ಲ. ಬುಕಿಂಗ್ ನೋಡಲು ಅಥವಾ ದಿನ ಬದಲಿಸಲು ಇದನ್ನು ಬಳಸಬೇಡಿ. ರೈತ 'ತೆಗೀರಿ' ಅಂದರೆ, ನೋಡಬೇಕೋ ರದ್ದು ಮಾಡಬೇಕೋ ಎಂದು ಮೊದಲು ಕೇಳಿ. ರದ್ದು ಎಂದು ಅವರೇ ಹೇಳಿದ ಮೇಲಷ್ಟೇ ಬಳಸಿ."

ಅವನು ಪೂರ್ತಿ ಕೇಳಿಸಿಕೊಂಡ. "ಮಷೀನು ಆಗಲೇ ಹೊಲಕ್ಕ ಹೊಂಟಿದ್ರ?"

ಅದನ್ನು ಅವಳು ಬರೆದಿರಲಿಲ್ಲ. "ಹೊಂಟಿದ್ರ ರದ್ದು ಮಾಡಾಂಗಿಲ್ಲ, ಆಫೀಸಿನವರಿಗೆ ಫೋನ್ ಕೊಡಬೇಕು" ಅನ್ನುತ್ತ ಬರೆದುಕೊಂಡಳು.

"ಈಗ ಕಣ್ಣಿಗೆ ಕಟ್ಟಿದಂಗ ಐತಿ" ಅಂದ ಭೀಮರಾಜ, ನಗುತ್ತ.

ಕಾಲೇಜಿನ ಕೊನೆಯ ದಿನ ಅವನು ಕೇಳಿದ್ದಕ್ಕೆ ಉತ್ತರ ಈಗ ಅವಳ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಆ ಕಡೆ ಒಂದು ಮಗು "ಅಪ್ಪಾ" ಅಂತ ಕೂಗಿತು.

"ಮಗಳು ಕರಿಯಾಕತ್ಯಾಳ. ಮತ್ತ ಫೋನ್ ಮಾಡ್ತಿ?"

"ಹೂಂ. ನೀ ಹೋಗು, ಕೂಸು ಕಾಯಾಕತ್ತೈತಿ."

ಮಾತು ಮುಗಿದ ಮೇಲೂ ಅವಳು ಫೋನನ್ನು ಅಂಗೈಯಲ್ಲೇ ಹಿಡಿದು ಕೂತಿದ್ದಳು. ಕೆಳಗೆ ಬಜಾರಿನಲ್ಲಿ ಆಟೋಗಳು ಒಂದಕ್ಕೊಂದು ಹಾರ್ನ್ ಹೊಡೆಯುತ್ತಿದ್ದವು. ಆಮೇಲೆ ಉಳಿದ ಹದಿನೇಳು ಟೂಲ್‌ಗಳ ವಿವರಣೆಗಳನ್ನು ತೆರೆದು, ಮೊದಲನೆಯದನ್ನು ಗಟ್ಟಿಯಾಗಿ, ನಿಧಾನವಾಗಿ ಓದತೊಡಗಿದಳು.