ಮಸಿ ಬಳಿಯಲು ಒಪ್ಪದ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾರ್ಮಿಕರ ವಸತಿ ಕಟ್ಟಡದ ಮೇಲ್ಮಹಡಿಯ ಅಡುಗೆಮನೆಯಲ್ಲಿ ಒಬ್ಬಾಕೆ ಸ್ಟೂಲಿನ ಮೇಲೆ ನಿಂತು ಗಸಗಸ ಗೋಡೆ ಉಜ್ಜುತ್ತಿದ್ದಾರೆ. ಬಕೆಟ್ಟಿನ ಸೋಪುನೀರು ಕಪ್ಪಾಗಿದೆ. ಇದು ಅವರ ಮನೆಯಲ್ಲ. ಗೋಡೆಗೆ ಮಸಿ ಬಳಿದವರೂ ಅವರಲ್ಲ. ಬಳಿದವರು ಶೂಟಿಂಗ್ ಮುಗಿಸಿ, ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಗಿದ್ದಾರೆ.

ಸಿನಿಮಾದವರಿಗೆಲ್ಲ ಈಕೆ 'ಸೆಟ್ ಅಕ್ಕ'. ಪಾತ್ರಗಳು ಬಾಳುವ ಮನೆಗಳನ್ನು ಹೊಂದಿಸುವುದು ಇವರ ಕೆಲಸ. ಕುರ್ಚಿ ಎಲ್ಲಿರಬೇಕು, ಬಾಗಿಲ ಹಿಂದೆ ಯಾರ ಅಂಗಿ ತೂಗಬೇಕು, ಎಲ್ಲ ಇವರದೇ. ಪರದೆಯ ಮೇಲೆ ಇವರ ಹೆಸರು ಬರುವಷ್ಟರಲ್ಲಿ ಮಾತ್ರ ಜನ ಮನೆಯ ಅರ್ಧ ದಾರಿ ಸವೆಸಿರುತ್ತಾರೆ.

ಈ ಸಲದ ನಿರ್ದೇಶಕರಿಗೆ ಬ್ರಿಟನ್ನಿನ ಕಾರ್ಮಿಕರ ಕೇರಿಗಳಲ್ಲಿ ತೆಗೆದ ಅಪರಾಧ ಚಿತ್ರಗಳೆಂದರೆ ಪ್ರಾಣ. ಅಕ್ಕನಿಗೂ ಅಷ್ಟೆ. ಅವುಗಳಲ್ಲಿ ಕಳ್ಳನಿಗಿಂತ ಮೊದಲು ಅವನ ಕೇರಿ ಕಾಣುತ್ತದೆ: ಬೀಗ ಬಿದ್ದ ಕಾರ್ಖಾನೆ, ತೇವದ ಮೆಟ್ಟಿಲು, ಕೆಲಸ ಕೇಳಲು ಹೋಗಿ ಬರಿಗೈಲಿ ಮರಳಿದ ಮುಖ. ಅಪರಾಧ ಎಲ್ಲಿ ಹುಟ್ಟಿತೆಂದು ಯಾರೂ ಭಾಷಣ ಬಿಗಿಯುವುದಿಲ್ಲ. ನೋಡಿದವರಿಗೆ ತಾನಾಗಿ ತಿಳಿಯುತ್ತದೆ. ನಮ್ಮ ನಿರ್ದೇಶಕರು ಅವುಗಳಿಂದ ಕಲಿತದ್ದು ಹೆಗಲ ಮೇಲಿನ ಕ್ಯಾಮೆರಾ, ಕಿಟಕಿಯ ಬೆಳಕು, ನಿಜವಾದ ಮನೆ, ಇಷ್ಟೇ. ಆ ಮನೆಯವರ ಮೇಲಿನ ಗೌರವವನ್ನು ಅಲ್ಲೇ ಬಿಟ್ಟು ಬಂದಿದ್ದಾರೆ.

ಈ ಮನೆ ಬಟ್ಟೆ ಇಸ್ತ್ರಿ ಮಾಡಿ ಬದುಕುವ ಅಜ್ಜಿಯದು. ಚಿತ್ರದಲ್ಲಿ ಇದು ಕಳ್ಳನ ತಾಯಿಯ ಮನೆ. ಶೂಟಿಂಗಿನ ಮೊದಲ ದಿನ ನಿರ್ದೇಶಕರು ಒಳಗೆ ಬಂದವರೇ ಮೂಗು ಮುರಿಯುತ್ತಾರೆ.

"ಕಳ್ಳನ ಮನೆ ಇಷ್ಟು ನೀಟಾಗಿದ್ರೆ ಯಾರು ನಂಬ್ತಾರೆ? ಮಸಿ ಬಳೀರಿ."

"ನಾನು ಬಳಿಯಲ್ಲ ಸರ್. ಅಜ್ಜಿ ದಿನಾ ಒರೆಸೋ ಗೋಡೆ ಇದು."

"ಅವರು ಒಪ್ಪಿದ್ದಾರಲ್ಲ!"

"ಅವರು ಒಪ್ಪಿದ್ದು ಮನೆ ಕೊಡೋಕೆ, ಮರ್ಯಾದೆ ಕಳ್ಕೊಳ್ಳೋಕಲ್ಲ."

ಅಷ್ಟಕ್ಕೇ ಅಕ್ಕನನ್ನು ಚಿತ್ರದಿಂದ ತೆಗೆಯುತ್ತಾರೆ. ಬೇರೊಬ್ಬರ ಕೈಯಲ್ಲಿ ಮಸಿ ಬಳಿಸುತ್ತಾರೆ, ಎಣ್ಣೆ ಎರಚಿಸುತ್ತಾರೆ. ಇದಕ್ಕೆ ಅವರಿಟ್ಟ ಹೆಸರು ವಾಸ್ತವಿಕತೆ! ಯಾರ ವಾಸ್ತವ? ಬಡವರ ಮನೆಯ ಹೊಸಿಲು ತುಳಿಯದವರು ಕಲ್ಪಿಸಿಕೊಂಡ ಕೊಳಕು ವಾಸ್ತವವಾಗುವುದು ಹೇಗೆ?

ಅಕ್ಕನ ಸಿಟ್ಟಿನ ಬೇರು ಅವರು ಹುಟ್ಟಿದ ಮನೆಯಲ್ಲೇ ಇದೆ. ಅಪ್ಪ ದುಡಿಯುತ್ತಿದ್ದ ಬಾಟಲಿ ಕಾರ್ಖಾನೆ ಮುಚ್ಚಿದ ಮೇಲೆ ಅಣ್ಣ ತಾಮ್ರದ ತಂತಿ ಕದ್ದು ಜೈಲು ಸೇರಿದ. "ಪೊಲೀಸರು ಬಂದಾಗ ಅಮ್ಮ ಆಗಷ್ಟೇ ನೆಲ ಒರೆಸಿದ್ಲು. ಬೂಟಿನ ಗುರುತು ಬಿತ್ತು ಅಂತ ಅವರನ್ನೇ ಬೈದ್ಲು. ಅವರು ಹೋದ್ಮೇಲೆ ಮತ್ತೆ ಒರೆಸಿದ್ಲು, ಅಳ್ತಾ ಅಳ್ತಾ," ಎನ್ನುತ್ತಾ ಅಕ್ಕ ಬಟ್ಟೆ ಹಿಂಡುತ್ತಾರೆ.

ಅಜ್ಜಿ ಬಾಗಿಲಲ್ಲಿ ನಿಂತಿದ್ದಾರೆ. "ಸಿನಿಮಾ ಬಂದ್ಮೇಲೆ ಅಕ್ಕಪಕ್ಕದವರು ಏನಂದ್ಕೊಳ್ತಾರೆ ಮಗಳೇ? ನನ್ನ ಮನೆ ಹೀಗಿತ್ತಾ?"

ಗೋಡೆ ಬೆಳ್ಳಗಾದೀತು, ಪರದೆಯ ಮೇಲಿನ ಮಸಿ ಹೋಗುವುದಿಲ್ಲ. ಆದರೂ ಅಕ್ಕ ಸ್ಟೂಲನ್ನು ಒಲೆಯ ಪಕ್ಕದ ಮೂಲೆಗೆ ಎಳೆದುಕೊಳ್ಳುತ್ತಾರೆ.

ಮುಂದೇನು ಎಂದು ಕೇಳಿದರೆ ಉಜ್ಜುವುದನ್ನು ನಿಲ್ಲಿಸದೆಯೇ ಹೇಳುತ್ತಾರೆ: "ಒಂದೇ ಒಂದು ಸಿನಿಮಾದಲ್ಲಿ ಕಳ್ಳನ ತಾಯಿ ಮನೇನ ಚೊಕ್ಕವಾಗಿ ಇಡ್ಬೇಕು. ಇಷ್ಟು ಮಾನವಾಗಿ ಬದುಕಿದವರ ಮಗ ಯಾಕೆ ಕದ್ದ ಅಂತ ನೋಡಿದವರಿಗೆ ನಿದ್ದೆ ಬರಬಾರ್ದು."