ಮೋಜೆಲ್ ಟಿಪ್ಟನ್ ಸತ್ತ ಮೇಲೆ

ನನ್ನ ಚಿಕ್ಕಮ್ಮ ಮೋಜೆಲ್ ಟಿಪ್ಟನ್ ತೀರಿಕೊಂಡ ಸುದ್ದಿಯನ್ನು ನಮ್ಮೂರಲ್ಲಿ ಮೊದಲು ಓದಿದವಳು ಅವಳೇ. ಸಿ.ಡಿ. ಡಬ್ಬಿಯ ಹಿಂಭಾಗವನ್ನು ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದಳು.

"ಡಾರ್ಲಾ, ಒಲೆ ಮೇಲೆ ಬೀನ್ಸ್ ಇದೆ, ಸ್ವಲ್ಪ ತಿರುವು. ನಾನು ಸತ್ತುಹೋಗಿದ್ದೀನಂತೆ," ಅಂದಳು.

ಡಬ್ಬಿಯನ್ನು ತಂದುಕೊಟ್ಟವಳು ನಾನು. ಪೂರ್ವ ಟೆನೆಸಿಯ ಗುಡ್ಡಗಳ ನಡುವಿನ ನಮ್ಮೂರಲ್ಲಿ ಕಾಲುಚೀಲದ ಗಿರಣಿ ಮುಚ್ಚಿದ ಮೇಲೆ, ಅದರ ಒಂದು ಮೂಲೆಯನ್ನು ಬಾಡಿಗೆಗೆ ಹಿಡಿದು ಸ್ಕಾಟಿ ಲಿಂಡ್ಲಿ ಎಂಬ ಉತ್ತರದ ಕಡೆಯವನು 'ರಸ್ಟಿ ಗೇಟ್' ಅಂತ ಒಂದು ರೆಕಾರ್ಡು ಕಂಪನಿ ತೆರೆದಿದ್ದ. ನಾನು ಅಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದೆ. ಮೊದಲು ಯಾವ ಮೇಜಿನ ಮೇಲೆ ಕಾಲುಚೀಲ ತುಂಬುತ್ತಿದ್ದೆನೋ, ಈಗ ಅದೇ ಮೇಜಿನ ಮೇಲೆ ದುಃಖ ತುಂಬುತ್ತಿದ್ದೆ.

ದುಃಖ ಅಂದದ್ದು ಸುಮ್ಮನೆ ಅಲ್ಲ. ನ್ಯಾಶ್‌ವಿಲ್‌ನ ದೊಡ್ಡ ಕಂಪನಿಗಳು ಹಳ್ಳಿಯ ಹಾಡಿಗೆ ಪೌಡರು ಬಳಿದು ಕೆಡಿಸಿದವು ಎಂದು ಸ್ಕಾಟಿಗೆ ಮಹಾ ಸಿಟ್ಟು. ಅವನಿಗೆ ಅಸಲಿ ಸರಕೇ ಆಗಬೇಕು. ಹಾಡಿನ ನಡುವೆ ಕೋಳಿ ಕೂಗಿದರೆ ಹಾಗೇ ಬಿಡುತ್ತಿದ್ದ. ಕೂಗದಿದ್ದರೆ ಕೂಗುವವರೆಗೆ ಕಾಯುತ್ತಿದ್ದ. ನಮ್ಮವರು ಫೋಟೋಕ್ಕೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರೆ ಮುಖ ಸಣ್ಣದು ಮಾಡಿಕೊಂಡು, ಮನೆಗೆ ಹೋಗಿ ಹಳೆಯದು ಹಾಕಿಕೊಂಡು ಬನ್ನಿ ಅನ್ನುತ್ತಿದ್ದ. ಅವನ ಪ್ಯಾಂಟಿನ ಮೊಣಕಾಲು ಹರಿದಿತ್ತು. ಅಂಗಡಿಯಿಂದಲೇ ಹರಿದದ್ದನ್ನು ಕೊಂಡು ತಂದಿದ್ದ. ಪ್ರತಿ ಸಿ.ಡಿ.ಯ ಬೆನ್ನ ಮೇಲೂ ಹಾಡುಗಾರನ ಕಷ್ಟಕ್ಕೆ ಒಂದು ಪ್ಯಾರಾ ಮೀಸಲು. ಒಬ್ಬನಿಗೆ ಜೈಲು, ಒಬ್ಬನಿಗೆ ಕುಡಿತ, ಇನ್ನೊಬ್ಬನಿಗೆ ಎದೆ ತುಂಬ ಕಲ್ಲಿದ್ದಲ ಧೂಳು. ಕಷ್ಟವಿಲ್ಲದವನ ಹಾಡು ಅವನ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಇಂಥವನ ಕೈಗೆ ನಮ್ಮ ಚಿಕ್ಕಪ್ಪ ಆರ್ವಿಲ್ ಸಿಕ್ಕಿದ. ಶಾಲೆಯ ಬಸ್ ಓಡಿಸುವವನು, ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಹಾಡುವವನು. ಇಪ್ಪತ್ತರ ಹರೆಯದಲ್ಲಿ ಗಿಟಾರ್ ಹೊತ್ತು ನ್ಯಾಶ್‌ವಿಲ್‌ಗೆ ಹೋಗಿ, ತೀರಾ ಹಳ್ಳಿ ಗಮಾರನ ದನಿ ಅನ್ನಿಸಿಕೊಂಡು ವಾಪಸ್ ಬಂದಿದ್ದ. ಆಮೇಲೆ ಆ ವಿಷಯ ಎತ್ತಲಿಲ್ಲ. ಬೇರೆ ವಿಷಯವನ್ನೂ ಹೆಚ್ಚಿಗೆ ಎತ್ತುತ್ತಿರಲಿಲ್ಲ ಅನ್ನಿ. ಮಕ್ಕಳು ಬರುವವರೆಗೆ ಖಾಲಿ ಬಸ್ಸಿನಲ್ಲಿ ಕೂತು ತನ್ನದೇ ಹಾಡು ಕಟ್ಟಿ ಹಾಡಿಕೊಳ್ಳುತ್ತಿದ್ದ. ಅದು ದಾರಿಯಲ್ಲಿ ಹೋಗುತ್ತಿದ್ದ ಸ್ಕಾಟಿಯ ಕಿವಿಗೆ ಬಿತ್ತು.

ಹಾಡು ಮುದ್ರಿಸಿದ್ದಾಯಿತು. ಕಷ್ಟದ ಪ್ಯಾರಾ ಉಳಿಯಿತು.

"ಆರ್ವಿಲ್ ಅವರೇ, ಜೈಲಿಗೇನಾದ್ರೂ ಹೋಗಿದ್ರಾ?" ಸ್ಕಾಟಿ ಆಸೆಯಿಂದ ಕೇಳಿದ.

"ಹೋಗಿದ್ದೆ. ಕ್ರಿಸ್‌ಮಸ್‌ಗೆ ಚರ್ಚಿನವರ ಜೊತೆ, ಹಾಡೋಕೆ."

"ಕುಡಿತ?"

"ಮಜ್ಜಿಗೆ."

"ಗಣಿ ಕೆಲಸ?"

"ಇಕ್ಕಟ್ಟು ಜಾಗ ನಂಗಾಗಲ್ಲ ಸ್ವಾಮಿ."

ಸ್ಕಾಟಿ ಪೆನ್ನು ಮುಚ್ಚಿಟ್ಟ. ಪಾಪ, ಅವನ ಮುಖ ನೋಡಲಾಗುತ್ತಿರಲಿಲ್ಲ.

ದೇವರು ಕಣ್ಣು ಬಿಟ್ಟದ್ದು ಮೇ ತಿಂಗಳಲ್ಲಿ. ವರ್ಷಕ್ಕೊಂದು ಭಾನುವಾರ ನಾವೆಲ್ಲ ಚರ್ಚಿನ ಹಿಂದಿನ ಗುಡ್ಡಕ್ಕೆ ಹೋಗಿ, ನಮ್ಮವರ ಗೋರಿ ತೊಳೆದು, ಹೂವಿಟ್ಟು, ಅಲ್ಲೇ ಹುಲ್ಲಿನ ಮೇಲೆ ಊಟ ಮಾಡುತ್ತೇವೆ. ಸ್ಕಾಟಿ ಕ್ಯಾಮೆರಾ ಹಿಡಿದು ಬಂದ. ಬಂದವನಿಗೆ ಕಂಡದ್ದು, ಮಂಡಿಯೂರಿ ಬ್ರಶ್ಶಿನಿಂದ ಒಂದು ಕಲ್ಲು ಉಜ್ಜುತ್ತಿದ್ದ ಆರ್ವಿಲ್. ಕಲ್ಲಿನ ಮೇಲೆ 'ಮೋಜೆಲ್, ಪ್ರೀತಿಯ ಪತ್ನಿ' ಎಂಬ ಅಕ್ಷರ.

ಆ ಕಲ್ಲು ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆ ಚಿಕ್ಕಪ್ಪ ಚಿಕ್ಕಮ್ಮನಿಗೆ ಕೊಟ್ಟ ಉಡುಗೊರೆ. ಅವತ್ತು ಅವಳು ಒಂದು ಒಳ್ಳೆಯ ಮಾತಿಗೆ ಕಾದಿದ್ದಳು, ಗ್ರಾನೈಟು ಸಿಕ್ಕಿತು. ಗಂಡ ಹೆಂಡತಿ ಇಬ್ಬರ ಹೆಸರನ್ನೂ ಬದುಕಿರುವಾಗಲೇ ಒಂದೇ ಕಲ್ಲಿಗೆ ಕೆತ್ತಿಸಿ, ಸಾವಿನ ತಾರೀಖಿನ ಜಾಗ ಖಾಲಿ ಬಿಟ್ಟು ನಿಲ್ಲಿಸುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಸ್ಕಾಟಿ ಬಂದ ಆ ಭಾನುವಾರ ಖಾಲಿ ಜಾಗಕ್ಕೆ ಹೂವಿನ ಗೊಂಚಲು ಅಡ್ಡವಾಗಿತ್ತು. ಆರ್ವಿಲ್‌ನ ಹೆಸರಿಗೆ ಆರ್ವಿಲ್‌ನೇ ಅಡ್ಡವಾಗಿದ್ದ. ಸ್ಕಾಟಿ ಟೋಪಿ ತೆಗೆದ, ಕಣ್ಣೊರೆಸಿಕೊಂಡ, ಫೋಟೋ ಹೊಡೆದ. ದುಃಖದಲ್ಲಿರುವವನನ್ನು ಕೇಳುವುದು ಮರ್ಯಾದೆಯಲ್ಲ ಎಂದು ಏನೂ ಕೇಳದೆ, ಹೆಂಡತಿ ಸತ್ತ ದುಃಖವನ್ನೇ ಪ್ಯಾರಾಕ್ಕೆ ಬರೆದುಕೊಂಡ. ಆ ಹೊತ್ತಿಗೆ ಸತ್ತವಳು ಆಚೆ ಓಕ್ ಮರದ ಕೆಳಗೆ ಪೀಚ್ ಕಡುಬು ಬಡಿಸುತ್ತಿದ್ದಳು. ಯಾರೆಂದು ತಿಳಿಯದೆ ಸ್ಕಾಟಿ ಎರಡು ಸಲ ಹಾಕಿಸಿಕೊಂಡು ತಿಂದ.

ಡಬ್ಬಿ ಓದಿದ ದಿನ ಆರ್ವಿಲ್ ನೆಟ್ಟಗೆ ಕಂಪನಿಗೆ ಹೋಗಿ, "ಎಲ್ಲ ವಾಪಸ್ ತರ್ಸಿ," ಅಂದ. ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಸ್ಕಾಟಿ ಬೆವೆತುಹೋದ. ಸಂಜೆಯೇ ಟಿಪ್ಟನ್‌ರ ಅಡುಗೆಮನೆಗೆ ಬಂದು, ತಾನು ಕೊಂದ ಹೆಂಗಸಿನ ಎದುರು ಟೋಪಿ ಹಿಂಡುತ್ತಾ ಕೂತ.

"ಮೋಜೆಲ್ ಅಮ್ಮಾ, ಸಿ.ಡಿ. ಅಂಗಡಿಗಳಿಗೆ ಹೋಗಿಬಿಟ್ಟಿದೆ. ಪತ್ರಿಕೆಯವ್ರು ಹಾಡಿ ಹೊಗಳಿದ್ದಾರೆ. ಈಗ ಸುಳ್ಳು ಅಂದ್ರೆ ನಮ್ಮ ಕಂಪನೀನ ಯಾರು ಅಸಲಿ ಅಂತ ನಂಬ್ತಾರೆ?"

"ಅಂದ್ರೆ ನಾನು ಬದುಕಿರೋದು ನಿಮ್ಮ ಅಸಲಿಗೆ ಅಡ್ಡಿ," ಅಂದಳು ಚಿಕ್ಕಮ್ಮ. ಗಂಡನ ಕಡೆ ನೋಡಿದಳು. ಅವನು ಗಿಟಾರಿನ ಕಿವಿ ತಿರುಗಿಸುತ್ತಾ ನೆಲ ನೋಡುತ್ತಿದ್ದ. ಈ ಒಂದು ರೆಕಾರ್ಡಿಗಾಗಿ ಅವನು ಆಯುಷ್ಯವೆಲ್ಲ ಕಾದಿದ್ದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು? "ಹೋಗ್ಲಿ ಬಿಡಿ. ಸತ್ರೆ ಸತ್ತೆ. ಅವನ ಹಾಡು ನಾಲ್ಕು ಜನಕ್ಕೆ ಕೇಳಲಿ."

ಊರಿನವರು ಬಿಟ್ಟಾರೆಯೇ? ಪಕ್ಕದ ಮನೆಯ ಐಡಾ ಮೇ ಸಾವಿನ ಮನೆಗೆ ಒಯ್ಯುವ ಹಾಗೆ ಬಟ್ಟೆ ಮುಚ್ಚಿದ ಪಾತ್ರೆ ಹಿಡಿದು ಬಂದಳು.

"ಹೇಗಿದೆಯೇ ಮೋಜೆಲ್ ಆ ಕಡೆ? ಮಣ್ಣು ತಣ್ಣಗಿದ್ಯಾ?"

"ಚೆನ್ನಾಗಿದೆ ಕಣೇ, ನಿನ್ನ ಬಾಯಿ ಕೇಳ್ಸಲ್ಲ," ಅಂದಳು ಚಿಕ್ಕಮ್ಮ, ಪಾತ್ರೆಯನ್ನಂತೂ ಇಟ್ಟುಕೊಂಡಳು.

ಶನಿವಾರಗಳಲ್ಲಿ ಹಾಡಿನ ಕಾರ್ಯಕ್ರಮ ಶುರುವಾಯಿತು. ಬಾಗಿಲ ಬಳಿ ಮೇಜು ಹಾಕಿಕೊಂಡು ಸಿ.ಡಿ. ಮಾರುವುದು ನನ್ನ ಕೆಲಸ. ಚಿಕ್ಕಮ್ಮನೂ ಬರುತ್ತಿದ್ದಳು. ಇವರು ಆರ್ವಿಲ್‌ರ ನಾದಿನಿ, ತೀರಿಕೊಂಡವರ ತಂಗಿ ಎಂದು ಸ್ಕಾಟಿಯೇ ಎಲ್ಲರಿಗೂ ಪರಿಚಯಿಸಿದ. ಕಾಲೇಜಿನ ಹುಡುಗ ಹುಡುಗಿಯರು ಅವಳ ಕೈ ಹಿಡಿದು, ಅವಳ ಸಾವಿಗೆ ಅವಳಿಗೇ ಸಮಾಧಾನ ಹೇಳಿ ಹೋಗುತ್ತಿದ್ದರು.

ಮೊದಲಿಗೆ ಆರ್ವಿಲ್ ವೇದಿಕೆಯ ಮೇಲೆ ಗೂಟದಂತೆ ನಿಂತು ಹಾಡಿ ಇಳಿಯುತ್ತಿದ್ದ. ಒಂದು ಸಲ ಯಾರೋ "ಮೋಜೆಲ್ ಬಗ್ಗೆ ಹೇಳಿ" ಎಂದು ಕೂಗಿದರು. ಅವನು ಗಂಟಲು ಸರಿಮಾಡಿಕೊಂಡು ಒಂದು ಮಾತು ಹೇಳಿದ. ಮುಂದಿನ ವಾರ ನಾಲ್ಕು ಹೇಳಿದ. ಆಮೇಲೆ ಅವನ ಬಾಯಿಗೆ ತಡೆಯೇ ಇಲ್ಲ. ಮೋಜೆಲ್ ಪಾತ್ರೆ ತೊಳೆಯುತ್ತಾ ಪದ ಮರೆತು ಬರೀ ರಾಗ ಗುನುಗುತ್ತಿದ್ದುದು, ಗಿರಣಿಯಿಂದ ಬಂದಾಗ ಅವಳ ಕೂದಲಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿದ್ದುದು, ಅದನ್ನು ತೆಗೆಯಬೇಕು ಅನ್ನಿಸಿಯೂ ತಾನು ತೆಗೆಯದೆ ಹೋದದ್ದು. ಹೇಳುವುದೆಲ್ಲ ನಿಜ, ಅವಳು ಸತ್ತಿದ್ದೊಂದನ್ನು ಬಿಟ್ಟು. ಜನ ಮೂಗು ಸೀಟುತ್ತಿದ್ದರು. ನಾನು ಚಿಕ್ಕಮ್ಮನ ಮುಖ ನೋಡಿದೆ. ಅದು ಗಂಟಿಕ್ಕಿತ್ತು.

"ಆ ಸತ್ತವಳನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು ಕಣೇ ಡಾರ್ಲಾ," ಎಂದಳು ಮರುದಿನ ಅಡುಗೆಮನೆಯಲ್ಲಿ ಬೀನ್ಸ್ ಬಿಡಿಸುತ್ತಾ. ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. "ನಗ್ಬೇಡ. ದಿನಾ ಎದುರಿಗೇ ಕೂತಿರ್ತೀನಿ, ನಂಗೆ 'ಉಪ್ಪು ಸಾಲ್ದು' ಅಂತಾನೆ. ಅವಳಿಗೆ ಆ ಮಾತೆಲ್ಲ! ಅವಳೇನು ಮಾಡಿದ್ಲು ಅವನಿಗೆ? ಒಂದಿನ ಊಟದ ಡಬ್ಬಿ ಕಟ್ಟಿದ್ಲಾ?"

ಆರ್ವಿಲ್ ಒಳಗೆ ಬಂದ. ಚಿಕ್ಕಮ್ಮ ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿದಳು.

"ಆರ್ವಿಲ್, ಅಲ್ಲಿ ಹೇಳೋದ್ರಲ್ಲಿ ಒಂದೇ ಒಂದು ಮಾತು ಇಲ್ಲಿ ಹೇಳು. ನಂಗೆ."

"ಹೇಳೋದೇನಿದೆ? ನಿಂಗೆ ಗೊತ್ತಿರೋದೇ ಅಲ್ವಾ."

"ಗೊತ್ತಿಲ್ಲ."

ಅವನು ಟ್ರಕ್ಕಿಗೆ ಎಣ್ಣೆ ಹಾಕಬೇಕೆಂದು ಹೊರಗೆ ಹೋದ. ಹಿಂದಿನ ದಿನವಷ್ಟೇ ಹಾಕಿದ್ದ.

"ಈ ಶನಿವಾರಕ್ಕೆ ಮುಗೀತು," ಅಂದಳು ಚಿಕ್ಕಮ್ಮ, ಅವನಿಗೆ ಕೇಳುವಷ್ಟು ಜೋರಾಗಿ. "ಆಮೇಲೆ ನಾನು ಬರಲ್ಲ. ಮೇಜಿನ ಹತ್ರ ಅವಳನ್ನೇ ಕೂರಿಸ್ಕೋ."

ಆ ಶನಿವಾರ ಕಾರ್ಯಕ್ರಮವಿದ್ದದ್ದು ನಾಕ್ಸ್‌ವಿಲ್‌ನಲ್ಲಿ. ಮೂರನೆಯ ಹಾಡಿನ ನಡುವೆ ಆರ್ವಿಲ್ ನಿಲ್ಲಿಸಿದ, ಗಿಟಾರನ್ನು ಕೆಳಗಿಟ್ಟ. ಕೈ ಎಲ್ಲಿಡಬೇಕೆಂದು ತೋಚದೆ ಜೇಬಿಗೆ ಹಾಕಿಕೊಂಡ.

"ಮೋಜೆಲ್ ಸತ್ತಿಲ್ಲ," ಅಂದ. "ಅಗೋ, ಹಿಂದೆ ನೀಲಿ ಸ್ವೆಟರ್ ಹಾಕ್ಕೊಂಡು ಕೂತಿದ್ದಾಳೆ."

ಕಥೆ ಮುಗಿಯಿತು ಎಂದುಕೊಂಡು ನಾನು ದುಡ್ಡಿನ ಪೆಟ್ಟಿಗೆ ಮುಚ್ಚಿದೆ. ಆದರೆ ಯಾರೂ ಗಾಬರಿಯಾಗಲಿಲ್ಲ. ಕೆಲವರು ತಿರುಗಿ ನೋಡಿದರು. ಹಿಂದೆ ಇದ್ದದ್ದು ನಾದಿನಿ. ಅಯ್ಯೋ ಪಾಪ, ತಂಗಿಯ ಮುಖದಲ್ಲಿ ಹೆಂಡತಿಯನ್ನು ಕಾಣುತ್ತಿದ್ದಾನಲ್ಲ ಎಂದು ಸಭೆಯೆಲ್ಲ ನಿಟ್ಟುಸಿರು ಬಿಟ್ಟಿತು.

ಆರ್ವಿಲ್ ಸಭೆಯನ್ನು ನೋಡಲೇ ಇಲ್ಲ. "ಮೋಜೆಲ್, ನಂಗೆ ಮಾತು ಬರಲ್ಲ. ನೀನು ಸುಸ್ತಾಗಿ ಬಂದು ಎದುರಿಗೆ ಕೂತಾಗೆಲ್ಲ ನಾನು ಶ್ರುತಿ ಮಾಡೋ ಹಾಗೆ ನಟಿಸ್ತಿದ್ದೆ. ಶ್ರುತಿ ಸರಿಯಾಗೇ ಇರ್ತಿತ್ತು. ಹಾಡೆಲ್ಲ ನಿನ್ನ ಮೇಲೆ ಕಟ್ಟಿದ್ದು. ಬಸ್ಸಲ್ಲಿ ಒಬ್ನೇ ಹಾಡ್ಕೋತಿದ್ದೆ, ನೀನು ಕೇಳಿಸ್ಕೊಂಡ್ರೆ ನಾಚಿಕೆ ಆಗುತ್ತೆ ಅಂತ. ನೀನಿಲ್ದಿರೋ ಮನೆ ಬಾಗಿಲು ನಾನು ಒಂದು ದಿನಾನೂ ತೆಗೆಯೋ ಹಾಗೆ ಆಗ್ಬಾರ್ದು. ಅಷ್ಟೇ."

ಸಭೆ ಗೊಳೋ ಎಂದಿತು. ಸ್ಕಾಟಿ ನನ್ನ ಪಕ್ಕಕ್ಕೆ ಬಂದು, ಕಣ್ಣೀರು ಒರೆಸಿಕೊಳ್ಳುತ್ತಾ, "ಎಂಥಾ ಅಸಲಿ! ಇದನ್ನ ಪ್ರತಿ ವಾರ ಇಟ್ಕೋಬೇಕು," ಅಂದ. ಸತ್ಯ ಹೇಳಿದರೆ ಕಂಪನಿ ಮುಳುಗುತ್ತದೆ ಎಂದು ಹೆದರಿದ್ದವನಿಗೆ ಆ ಸತ್ಯವನ್ನೇ ಈಗ ಕಣ್ಣೆದುರು ಹೇಳಿದ್ದು ಗೊತ್ತಾಗಲಿಲ್ಲ.

ಚಿಕ್ಕಮ್ಮ ಎದ್ದು ನಿಲ್ಲಲಿಲ್ಲ, ಕೈ ಬೀಸಲಿಲ್ಲ. ಮೇಜಿನ ಮೇಲಿನ ಸಿ.ಡಿ.ಗಳನ್ನು ಸುಮ್ಮನೆ ಸಾಲು ಮಾಡುತ್ತಾ ಕೂತಳು.

ಕಾರ್ಯಕ್ರಮ ಮುಗಿಯಿತು. ಅತ್ತು ಕಣ್ಣು ಕೆಂಪಾದ ಒಬ್ಬ ಹುಡುಗಿ ಬಂದು ಅವಳ ಕೈ ಹಿಡಿದಳು.

"ಇಷ್ಟೊಂದು ಪ್ರೀತಿ ಇತ್ತು ಅಂತ ನಿಮ್ಮಕ್ಕನಿಗೆ ಗೊತ್ತಿತ್ತಾ ಅಮ್ಮಾ? ಯಾವತ್ತಾದ್ರೂ ಗೊತ್ತಾಯ್ತಾ?"

"ಹೂಂ ಮಗಳೇ," ಅಂದಳು ಚಿಕ್ಕಮ್ಮ. "ಇವತ್ತು ಸಂಜೆ ಗೊತ್ತಾಯ್ತು."

ಹುಡುಗಿ ಮತ್ತೆ ಅತ್ತು, ಎರಡು ಸಿ.ಡಿ. ಕೊಂಡಳು.